ಇಬ್ಬರು ಜೊತೆಯಾಗಿ ನಡೆಯಲು ಯಾವ ಕಡಲದಾರಿ: ಪೋರ್ಚುಗಲ್ಲಿನದೋ, ಟರ್ಕಿಯದೋ?

ಹೊರದೇಶದ ಕಡಲಂಚಿನಲ್ಲಿ ಬೆನ್ನಿಗೆ ಚೀಲ ಏರಿಸಿಕೊಂಡು ಹಲವು ದಿನ ನಡೆಯಬೇಕೆನ್ನುವ ಚಾರಣಿಗರ ಬಾಯಲ್ಲಿ ಮತ್ತೆ ಮತ್ತೆ ಕೇಳಿಬರುವ ಎರಡು ಹೆಸರುಗಳೆಂದರೆ ಪೋರ್ಚುಗಲ್ಲಿನ ನೈಋತ್ಯ ತೀರದ ‘ಫಿಶರ್‌ಮೆನ್ಸ್ ಟ್ರೇಲ್’ ಮತ್ತು ಟರ್ಕಿಯ ದಕ್ಷಿಣ ತೀರದ ‘ಲಿಸಿಯನ್ ವೇ’. ಮೊದಲನೆಯದರ ಉದ್ದ ಸುಮಾರು 226 ಕಿ.ಮೀ.; ಎರಡನೆಯದು ಫೆತಿಯೆ ಬಳಿಯಿಂದ ಅಂತಾಲ್ಯದ ಕಡೆಗೆ 500 ಕಿ.ಮೀ.ಗೂ ಹೆಚ್ಚು ದೂರ ಸಾಗುತ್ತದೆ. ಎರಡರಲ್ಲೂ ಒಂದೊಂದು ಭಾಗವನ್ನು ನಾನು ನನ್ನ ತಂಗಿಯೊಡನೆ ನಡೆದಿದ್ದೇನೆ: ಪೋರ್ಚುಗಲ್ಲಿನಲ್ಲಿ ಪೋರ್ತೊ ಕೋವೊದಿಂದ ಒದೆಸೈಶೆಯವರೆಗೆ, ಟರ್ಕಿಯಲ್ಲಿ ಓವಾಜಿಕ್‌ನಿಂದ ಪತಾರಾವರೆಗೆ. ಚೆಲುವಿನಲ್ಲಿ ಯಾವುದೂ ಕಡಿಮೆಯಿಲ್ಲ; ಇಬ್ಬರು ಒಡನಾಡುತ್ತ ನಡೆಯುವುದಕ್ಕೆ ಯಾವುದು ಹೆಚ್ಚು ಒದಗುತ್ತದೆ ಎಂಬುದಷ್ಟೇ ಇಲ್ಲಿ ನನ್ನ ಅಳತೆಗೋಲು.

ಪೋರ್ಚುಗಲ್ಲಿನ ದಾರಿಯಲ್ಲಿ ಏರಿಳಿತ ಕಡಿಮೆ, ಮರಳು ಹೆಚ್ಚು. ಅಟ್ಲಾಂಟಿಕ್‌ಗೆ ನೇರವಾಗಿ ಕಡಿದಂತೆ ನಿಂತ ಬಂಡೆಗಳ ನೆತ್ತಿಯ ಮೇಲೆಯೇ ಮರಳು ದಿಬ್ಬಗಳು ಹರಡಿಕೊಂಡಿರುವುದರಿಂದ ಪ್ರತಿ ಹೆಜ್ಜೆಗೂ ಹಿಮ್ಮಡಿ ಹೂತುಹೋಗುತ್ತದೆ. ಪೋರ್ತೊ ಕೋವೊದಿಂದ ಮಿಲ್‌ಫೋಂತೆಸ್‌ಗೆ 20 ಕಿ.ಮೀ. ಮಾತ್ರ ಎಂದು ನಕ್ಷೆ ನೋಡಿ ಲೆಕ್ಕ ಹಾಕುವವರು ಅದಕ್ಕೆ ಇನ್ನಷ್ಟು ಹೊತ್ತನ್ನು ಧಾರಾಳವಾಗಿ ಸೇರಿಸಿಕೊಳ್ಳಬೇಕು. ಜಾಡು ಕಿರಿದು, ವಾಯವ್ಯದ ಗಾಳಿ ಜೋರು. ಒಬ್ಬರ ಹಿಂದೆ ಒಬ್ಬರು ನಡೆಯುವಾಗ ಮುಂದಿನವರು ಆಡಿದ ಮಾತು ಹಿಂದಿನವರ ಕಿವಿಗೆ ಬೀಳುವುದಿಲ್ಲ. ತಂಗಿಯ ನಡಿಗೆ ನನ್ನದಕ್ಕಿಂತ ಚುರುಕು. ಹಸಿರು–ನೀಲಿ ಗುರುತುಗಳು ಎಲ್ಲೂ ತಪ್ಪದೆ ಸಿಗುವುದರಿಂದ ಅವಳು ಮುಂದೆ ಸಾಗಿ ಊರಿನಲ್ಲಿ ಕಾಯುತ್ತಿದ್ದಳು, ನಾನು ನನ್ನ ಪಾಡಿಗೆ ತಲುಪುತ್ತಿದ್ದೆ. ಕಾಬೊ ಸರ್ದಾವೊ ಬಳಿ ಅಲೆಗಳ ನಡುವೆ ಎದ್ದುನಿಂತ ಬಂಡೆಯ ತುದಿಯಲ್ಲಿ ಬಿಳಿ ಕೊಕ್ಕರೆ ಗೂಡು ಕಟ್ಟಿರುವುದನ್ನು ಕಂಡಾಗ ಮಾತ್ರ ಇಬ್ಬರೂ ಒಟ್ಟಿಗೆ ಬಹಳ ಹೊತ್ತು ನಿಂತೆವು. ಕೊಕ್ಕರೆ ಬೆಳ್ಳೂರಿನಲ್ಲಿ ಊರಿನ ಮರಗಳ ಮೇಲೆ ಕೊಕ್ಕರೆಯ ಗೂಡು ನೋಡಿ ಬೆಳೆದ ನಮಗೆ ಅದು ನಿಜಕ್ಕೂ ಹೊಸದು.

ಟರ್ಕಿಯ ದಾರಿ ಬೇರೆಯೇ ಬಗೆಯದು. 1999ರಲ್ಲಿ, ಟರ್ಕಿಯಲ್ಲಿ ನೆಲೆಸಿದ ಬ್ರಿಟಿಷ್ ಮಹಿಳೆ ಕೇಟ್ ಕ್ಲೋ ಅವರ ಶ್ರಮದಿಂದ ತೆರೆದುಕೊಂಡ ಈ ಹಾದಿ ಹಳೆಯ ಕಾಲುದಾರಿಗಳನ್ನೂ ಹೇಸರಗತ್ತೆಗಳ ಜಾಡುಗಳನ್ನೂ ಒಂದಕ್ಕೊಂದು ಹೊಲಿದಂತಿದೆ. ಕಾಲಡಿಯಲ್ಲಿ ಚೂಪಾದ ಸುಣ್ಣಕಲ್ಲು, ಮೈಗೆ ತಾಗುವ ಮುಳ್ಳುಪೊದೆ, ಕಬಾಕ್‌ನ ಕೊಲ್ಲಿಯಿಂದ ಅಲಿಂಜಾ ಎಂಬ ಹಳ್ಳಿಗೆ ಮೊಣಕಾಲು ನಡುಗಿಸುವ ಏರು. ಕೆಂಪು–ಬಿಳಿ ಗುರುತುಗಳನ್ನು ಕಲ್ಲುಗಳ ಮೇಲೆ ಬಳಿದಿದ್ದಾರೆ, ಆದರೆ ಅವು ಕೆಲವೆಡೆ ಮಾಸಿವೆ, ಕೆಲವೆಡೆ ಪೊದೆಯಲ್ಲಿ ಮುಚ್ಚಿಹೋಗಿವೆ. ಹೀಗಾದಲ್ಲೆಲ್ಲ ನಾನು ಕೊನೆಯ ಗುರುತಿನ ಬಳಿ ನಿಲ್ಲುತ್ತಿದ್ದೆ, ತಂಗಿ ಚೀಲ ಇಳಿಸಿ ಮುಂದೆ ಹುಡುಕುತ್ತ ಹೋಗುತ್ತಿದ್ದಳು; “ಅಕ್ಕಾ, ಇಲ್ಲಿದೆ, ಬಾ” ಎಂಬ ಕೂಗು ಕೇಳಿದ ಮೇಲೆ ನಾನು ಎರಡೂ ಚೀಲ ಹೊತ್ತು ಹೊರಡುತ್ತಿದ್ದೆ. ಅಲ್ಲಿ ಒಬ್ಬರನ್ನು ಬಿಟ್ಟು ಒಬ್ಬರು ಮುಂದೆ ಹೋಗುವ ಮಾತೇ ಇಲ್ಲ.

ನೀರಿನ ವಿಷಯದಲ್ಲೂ ಹಾಗೆಯೇ. ಪೋರ್ಚುಗಲ್ಲಿನಲ್ಲಿ ಒಂದು ಊರಿನಿಂದ ಇನ್ನೊಂದು ಊರಿನ ತನಕ ನೀರು ಸಿಗುವುದು ಅಪರೂಪ, ಆದ್ದರಿಂದ ಬೆಳಿಗ್ಗೆಯೇ ಇಡೀ ದಿನಕ್ಕೆ ತುಂಬಿಸಿಕೊಂಡರೆ ಮುಗಿಯಿತು. ಲಿಸಿಯನ್ ದಾರಿಯಲ್ಲಿ ಮಳೆನೀರು ಹಿಡಿದಿಡುವ, ಗುಮ್ಮಟದ ಆಕಾರದ ಕಲ್ಲಿನ ತೊಟ್ಟಿಗಳಿವೆ. ಒಬ್ಬರು ಹಗ್ಗ ಕಟ್ಟಿದ ಬಕೆಟ್ ಇಳಿಸಿ ಎತ್ತಬೇಕು, ಇನ್ನೊಬ್ಬರು ಬಾಟಲಿಯ ಬಾಯಿಗೆ ಫಿಲ್ಟರ್ ಹಿಡಿಯಬೇಕು, ಸೋಸದೆ ಕುಡಿಯಬಾರದು. ಪತಾರಾಕ್ಕೆ ನೀರು ಒಯ್ಯಲು ಪ್ರಾಚೀನ ಕಾಲದಲ್ಲಿ ಕಟ್ಟಿದ ದೆಲಿಕ್ಕೆಮೆರ್ ಎಂಬ ನಾಲೆಯ ಪಕ್ಕದಲ್ಲೇ ದಾರಿ ಹಾಯುತ್ತದೆ. ನಡುವೆ ತೂತು ಕೊರೆದ ಕಲ್ಲುಗಳನ್ನು ಒಂದಕ್ಕೊಂದು ಕೂಡಿಸಿ ಮಾಡಿದ ಆ ಕೊಳವೆಯನ್ನು ಕೈಯಿಂದ ಮುಟ್ಟಿ ನೋಡದೆ ಯಾರೂ ಮುಂದೆ ಹೋಗಬಾರದು.

ಪೋರ್ಚುಗಲ್ಲಿನ ತೀರ ಸಂರಕ್ಷಿತ ಉದ್ಯಾನದೊಳಗಿದ್ದು, ಬೇಕೆಂದಲ್ಲಿ ಟೆಂಟ್ ಹಾಕುವುದಕ್ಕೆ ಅನುಮತಿಯಿಲ್ಲ. ಊರೂರಿಗೂ ಹಾಸ್ಟೆಲ್ ಮತ್ತು ಕ್ಯಾಂಪಿಂಗ್ ಜಾಗಗಳಿವೆ, ಚೀಲವನ್ನು ಮುಂದಿನ ಊರಿಗೆ ಸಾಗಿಸಿಕೊಡುವವರೂ ಇದ್ದಾರೆ. ಬೆನ್ನು ನೋವಿನವರಿಗೆ ಇದು ದೊಡ್ಡ ಅನುಕೂಲ. ಟರ್ಕಿಯಲ್ಲಿ ನಾವು ಟೆಂಟಿನ ಬಟ್ಟೆಯನ್ನು ಒಬ್ಬರು, ಕೋಲು ಮತ್ತು ಒಲೆಯನ್ನು ಇನ್ನೊಬ್ಬರು ಹಂಚಿಕೊಂಡು ಹೊತ್ತೆವು, ನಡುನಡುವೆ ಹಳ್ಳಿಮನೆಗಳಲ್ಲಿ ತಂಗಿದೆವು.

ಸಸ್ಯಾಹಾರಿಗಳಿಗೆ ಟರ್ಕಿಯೇ ಲೇಸು. ಮಸೂರ ಬೇಳೆಯ ಸಾರಿನಂಥ ಸೂಪು, ಸೊಪ್ಪು ಅಥವಾ ಚೀಸ್ ತುಂಬಿ ಬೇಯಿಸಿದ ಗೊಜ್ಲೆಮೆ ರೊಟ್ಟಿ, ಮಜ್ಜಿಗೆಯಂಥ ಐರಾನ್ ಹಳ್ಳಿಗಳಲ್ಲೂ ಸಿಗುತ್ತವೆ. ಪೋರ್ಚುಗಲ್ಲಿನ ಆ ತೀರದಲ್ಲಿ ಮೀನಿನದೇ ಊಟ. ಮೊಟ್ಟೆ ತಿನ್ನುವವರಿಗೆ ಮಾತ್ರ ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು ಅರೆದು ಹಾಕಿದ ಅಸೋರ್ದಾ ಎಂಬ ಬ್ರೆಡ್ಡಿನ ಸಾರು ನಾಲಗೆಗೆ ಒಗ್ಗುತ್ತದೆ.

ಇಂಥ ದಾರಿಗೆ ಮೊದಲ ಸಲ ಹೊರಡುವವರಿಗೆ, ಅಥವಾ ನಡಿಗೆಯ ವೇಗ ತೀರ ಬೇರೆಯಾಗಿದ್ದು ಹಗಲಲ್ಲಿ ತಮ್ಮ ಪಾಡಿಗೆ ತಾವಿರಲು ಬಯಸುವ ಇಬ್ಬರಿಗೆ ನಾನು ಪೋರ್ಚುಗಲ್ಲನ್ನೇ ಹೇಳುತ್ತೇನೆ. ನನ್ನ ಒಲವು ಮಾತ್ರ ಟರ್ಕಿಯ ಕಡೆಗಿದೆ, ಏಕೆಂದರೆ ಅಲ್ಲಿ ಜೊತೆಗಾರರಿಗೆ ದಿನವಿಡೀ ಕೆಲಸವಿರುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಹೋಗುವುದು ಉತ್ತಮ. ಅಲ್ಲಿನ ಬೇಸಿಗೆಯ (ಜೂನ್–ಆಗಸ್ಟ್) ಬಿಸಿಲು ತಾಳಲಾಗದ್ದು, ಶರತ್ಕಾಲದ ಹೊತ್ತಿಗೆ ಎಷ್ಟೋ ತೊಟ್ಟಿಗಳು ಬತ್ತಿರುತ್ತವೆ. ಕಾಶ್‌ನಿಂದ ಚಿರಾಲಿಯವರೆಗಿನ ಭಾಗವನ್ನು ನಾವಿಬ್ಬರೂ ಏಪ್ರಿಲ್‌ನಲ್ಲೇ ನಡೆಯಬೇಕೆಂದಿದ್ದೇವೆ.