ಗೋಡೆಗೆ ತೂಗುವ ಯುಗಗಳ ಪಟ: ಕೊಂಡವರ ಅಭಿಪ್ರಾಯ

ಧಾರವಾಡದ ಸುಭಾಷ್ ರಸ್ತೆಯ ಪುಸ್ತಕದಂಗಡಿಯೊಂದರಲ್ಲಿ ಕೊಂಡ ಈ ಪಟವು ಕಲಿಯುಗದ 4,32,000 ವರ್ಷಗಳಿಂದ ಮಹಾಯುಗದ 43,20,000 ವರ್ಷಗಳವರೆಗಿನ ಲೆಕ್ಕವನ್ನು ಅಚ್ಚುಕಟ್ಟಾಗಿ ತೋರಿಸುತ್ತದೆ. ಆದರೆ ರಾಜರ ಆಯುಸ್ಸಿನ ಅಂಕಣವೇ ಇದರ ಜೀವಾಳ: ವಾಲ್ಮೀಕಿ ರಾಮಾಯಣದ ದಶರಥ ತನಗೆ 60,000 ವರ್ಷಗಳಾದವೆಂದು ವಿಶ್ವಾಮಿತ್ರನಿಗೆ ಹೇಳಿಕೊಳ್ಳುವುದನ್ನೂ ರಾಮರಾಜ್ಯದ 11,000 ವರ್ಷಗಳನ್ನೂ ಕೊಟ್ಟು, ಅದೇ ತ್ರೇತಾಯುಗದ ಮನುಷ್ಯರಿಗೆ ಮನುಸ್ಮೃತಿ ಹೇಳುವ ಆಯುಸ್ಸು ಬರೀ 300 ವರ್ಷವೆಂಬುದನ್ನು ಪಕ್ಕದಲ್ಲೇ ಮುದ್ರಿಸಿರುವ ಪ್ರಾಮಾಣಿಕತೆ ನನಗೆ ಹಿಡಿಸಿತು. ಸಾವಿರ ಸಂವತ್ಸರದ ಸತ್ರದಲ್ಲಿ (ದೀರ್ಘ ಯಜ್ಞದಲ್ಲಿ) ಸಂವತ್ಸರವೆಂದರೆ ವರ್ಷವಲ್ಲ, ದಿನವೆಂದು ಅರ್ಥಮಾಡಿದ ಮೀಮಾಂಸಕರ (ವೇದವಾಕ್ಯಗಳ ಅರ್ಥವಿಚಾರ ಮಾಡುವ ಪಂಡಿತರ) ಜಾಡನ್ನು ಕೈಬಿಟ್ಟದ್ದು ಮಾತ್ರ ಕೊರತೆ. ಹಾಗೆ ವರ್ಷಗಳನ್ನು ದಿನಗಳೆಂದು ತಿಳಿದು, ವರ್ಷಕ್ಕೆ 360 ದಿನದಂತೆ ಭಾಗಿಸಿದರೆ ರಾಮನ ಆಳ್ವಿಕೆ ಸುಮಾರು ಮೂವತ್ತೂವರೆ ವರ್ಷಕ್ಕೆ ಇಳಿಯುತ್ತದೆ (ದಶರಥನಿಗೆ ಆಗಲೂ 166 ದಾಟುತ್ತದೆ, ಆ ಮಾತು ಬೇರೆ). ದ್ವಾಪರದ 8,64,000ಕ್ಕೆ ಒಂದು ಸೊನ್ನೆ ಹೆಚ್ಚಾಗಿ ಬಿದ್ದಿರುವುದನ್ನು ತೋರಿಸಿದಾಗ, ಅಂಗಡಿಯವರು ಅದನ್ನು ಪೆನ್ನಿನಿಂದ ಹೊಡೆದುಹಾಕಿ ಇಪ್ಪತ್ತು ರೂಪಾಯಿ ಬಿಟ್ಟುಕೊಟ್ಟರು.