ಮೂರು ವೈಪರ್, ಹೊಸ ಪೇಂಟ್, ಒಳಗೆಲ್ಲಾ ತುಕ್ಕು: ಹಳೇ ಎಂಜಿಬಿ ಕೊಳ್ಳುವ ಮುಂಚೆ ಇದನ್ನು ಓದಿ

ಇಂಗ್ಲೆಂಡ್‌ನಲ್ಲಿರುವ ನಮ್ಮವರಲ್ಲಿ ಹಳೇ ಕಾರಿನ ಹುಚ್ಚು ಇರುವವರು ಕಡಿಮೆ ಏನಿಲ್ಲ. ತಿಂಗಳಿಗೆ ಒಬ್ಬರಾದರೂ ಫೋನ್ ಮಾಡಿ 'ನಿಮ್ಮ ಎಂಜಿಬಿ ಹೇಗಿದೆ, ನಾನೂ ಒಂದು ನೋಡ್ತಿದೀನಿ' ಅಂತಾರೆ. ಎಂಜಿಬಿ ಅಂದರೆ ಎಂಜಿ ಕಂಪನಿಯ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಪ್ರತಿ ಸಲ ಹೇಳಿ ಹೇಳಿ ಸಾಕಾಗಿದೆ. ಮರ್ಯಾದೆ ಹೋದರೆ ಹೋಗಲಿ ಅಂತ ಇಲ್ಲೇ ಬರೆದುಬಿಡುತ್ತೇನೆ.

ಹೋದ ವರ್ಷ ಫೆಬ್ರವರಿಯಲ್ಲಿ 13,500 ಪೌಂಡ್ ಕೊಟ್ಟು 1973ರ ಎಂಜಿಬಿ ರೋಡ್‌ಸ್ಟರ್, ಅಂದರೆ ಮೇಲೆ ಬಟ್ಟೆ ಹುಡ್ ಇರುವ ಕಾರು, ಕೊಂಡೆ. ಜಾಹೀರಾತಿನಲ್ಲಿ 'ಪೂರ್ತಿ ರಿಸ್ಟೋರ್ ಮಾಡಿದ್ದು, ಎರಡೂ ಕಡೆ ಹೊಸ ಸಿಲ್' ಅಂತ ಇತ್ತು. ಸಿಲ್ ಅಂದರೆ ಬಾಗಿಲ ಕೆಳಗಿನ ಉದ್ದ ಭಾಗ. ಈಗ ಅದು ಬಾಡಿಗೆ ಗ್ಯಾರೇಜೊಂದರಲ್ಲಿ ಸ್ಟ್ಯಾಂಡ್ ಮೇಲೆ ಕೂತಿದೆ. ಗ್ಯಾರೇಜ್ ಬಾಡಿಗೆ ಬೇರೆ.

ನಾನು ಯಾಕೆ ಬಿದ್ದೆ ಅಂತ ಮೊದಲು ಹೇಳಬೇಕು. ಅಪ್ಪ ಹಾಸನದಲ್ಲಿ ಇಪ್ಪತ್ತು ವರ್ಷ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು. ಹಳೇ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಇದೆಯಲ್ಲ, ಅದು ಇಲ್ಲಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಜಿನ್. ಎಂಜಿಬಿಯ 1798 ಸಿಸಿ ಎಂಜಿನ್ ಅದರ ಅಣ್ಣನೇ. ಎರಡು ಎಸ್‌ಯು ಕಾರ್ಬುರೇಟರ್ ಇರುತ್ತೆ, ಉಸಿರು ಜಾಸ್ತಿ. ಆದರೆ ಸ್ಟಾರ್ಟ್ ಮಾಡಿ ಐಡ್ಲಿಂಗ್‌ನಲ್ಲಿ ಬಿಟ್ಟರೆ ಆ ಗುಡುಗುಡು ನಮ್ಮ ಮನೆ ಮುಂದೆ ಬೆಳಗಿನ ಆರು ಗಂಟೆಗೆ ಕೇಳುತ್ತಿದ್ದ ಗುಡುಗುಡುವೇ. ಮಾರುವವನು ಬಾನೆಟ್ ಎತ್ತಿ ಸ್ಟಾರ್ಟ್ ಮಾಡಿದ. ನನ್ನ ಕಥೆ ಅಲ್ಲಿಗೇ ಮುಗಿದಿತ್ತು.

ಎಂಜಿನ್ ನಿಜಕ್ಕೂ ಚೆನ್ನಾಗಿತ್ತು. ಈಗಲೂ ಚೆನ್ನಾಗಿದೆ. ಅದೇ ಮೋಸ. ನನಗೆ ಕಿವಿಯಲ್ಲಿ ಕೇಳಿ ಗೊತ್ತಾಗುವ ಭಾಗ ಸರಿ ಇತ್ತು, ಬಗ್ಗಿ ನೋಡಬೇಕಾದ ಭಾಗ ಕೊಳೆತಿತ್ತು.

ಎಂಜಿಬಿಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ರೋಡ್‌ಸ್ಟರ್‌ಗೆ ಮೇಲೆ ಗಟ್ಟಿ ಟಾಪ್ ಕೂಡ ಇಲ್ಲ, ಬಟ್ಟೆ ಹುಡ್ ಅಷ್ಟೇ. ಹಾಗಾಗಿ ಮುಂಭಾಗ ಹಿಂಭಾಗ ಎರಡನ್ನೂ ಹಿಡಿದು ನಿಲ್ಲಿಸೋದು ಬಾಗಿಲ ಕೆಳಗಿರುವ ಸಿಲ್. ಅದು ಒಂದು ತಗಡಲ್ಲ. ಹೊರಗೊಂದು, ಒಳಗೊಂದು, ನಡುವೆ ಒಂದು ಪರದೆ ತಗಡು, ಅಡಿಯಲ್ಲಿ ಕ್ಯಾಸಲ್ ರೈಲ್ ಅನ್ನೋ ಪಟ್ಟಿ. ಎಲ್ಲಾ ಸೇರಿ ಒಂದು ಪೆಟ್ಟಿಗೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಪೆಟ್ಟಿಗೆ ಒಳಗೆ ಸೇರಿದರೆ ಒಳಗಿನಿಂದಲೇ ತಿನ್ನುತ್ತೆ, ಹೊರಗೆ ಕಾಣುವಷ್ಟರಲ್ಲಿ ಒಳಗೆ ಏನೂ ಉಳಿದಿರೋದಿಲ್ಲ. ಸರಿಯಾಗಿ ಮಾಡಬೇಕು ಅಂದರೆ ಪೂರ್ತಿ ಕತ್ತರಿಸಿ ಎಲ್ಲಾ ಪದರ ಹೊಸದಾಗಿ ವೆಲ್ಡ್ ಮಾಡಬೇಕು. ಕಳ್ಳ ಕೆಲಸ ಅಂದರೆ ಕೊಳೆತದ್ದರ ಮೇಲೇ ಒಂದು ಹೊಳೆಯುವ ತಗಡು ಮುಚ್ಚಿ, ಪುಟ್ಟಿ ತೀಡಿ, ಪೇಂಟ್ ಹೊಡೆಯೋದು. 'ಹೊಸ ಸಿಲ್' ಅನ್ನೋ ಮಾತು ಎರಡಕ್ಕೂ ನಡೆಯುತ್ತೆ.

ನಾನು ನೋಡಲು ಹೋದ ದಿನ ಕಾರು ಜಲ್ಲಿ ಹಾಸಿದ ಅಂಗಳದಲ್ಲಿ ನಿಂತಿತ್ತು. ಕೆಂಪು ಪೇಂಟ್, ತಂತಿ ಚಕ್ರ, ಹೊಸ ಕಾರ್ಪೆಟ್. ಅಡಿಯಲ್ಲಿ ತುಕ್ಕು ಹಿಡಿಯದಿರಲಿ ಅಂತ ಬಳಿಯುವ ಕಪ್ಪು ಅಂಡರ್‌ಸೀಲ್ ದಪ್ಪಗೆ ಬಳಿದಿದ್ದ, ವಾಸನೆ ಇನ್ನೂ ಹೋಗಿರಲಿಲ್ಲ. 'ಪಾಪ, ಎಷ್ಟು ಜೋಪಾನ ಮಾಡಿದಾನೆ' ಅಂದುಕೊಂಡೆ. ಬಾಗಿಲು ಹಾಕುವಾಗ ಸ್ವಲ್ಪ ಎತ್ತಿ ಹಾಕಬೇಕಿತ್ತು. 'ರಬ್ಬರ್ ಬೀಡಿಂಗ್ ಹೊಸದು, ಸೆಟ್ ಆಗುತ್ತೆ' ಅಂದ. ಆರು ವರ್ಷದಿಂದ ಕಾರು ತನ್ನ ಹತ್ತಿರವೇ ಇದೆ, ಹುಟ್ಟಿದಾಗಿನಿಂದ ಇಂಗ್ಲೆಂಡ್‌ನಲ್ಲೇ ಓಡಿದ್ದು ಅಂದ. ಮುಂದಿನ ಗಾಜಿಗೆ ಮೂರು ವೈಪರ್ ಇದ್ದವು. ಮುದ್ದಾಗಿದೆ ಅಂತ ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ.

ಆಮೇಲೆ ಒಂದು ಆಲ್ಬಂ ತೋರಿಸಿದ. ಪೇಂಟ್ ಕೆರೆದ ಬರೀ ಬಾಡಿ, ಕತ್ತರಿಸಿದ ಸಿಲ್, ವೆಲ್ಡಿಂಗ್, ಪ್ರೈಮರ್. ಮೂವತ್ತು ನಲವತ್ತು ಫೋಟೋ. ನೋಡಿ ಕರಗಿಹೋದೆ. ಆಲ್ಬಂ ಕಾರಿನ ಜೊತೆಗೇ ಕೊಟ್ಟ.

ಅವತ್ತು ರಾತ್ರಿ ಅಪ್ಪ ಕೇಳಿದ್ದು ಒಂದೇ ಮಾತು. 'ಅಡಿಯಲ್ಲಿ ಮಲಗಿ ನೋಡಿದ್ಯೇನೋ?'

'ಮಳೆ ಬರ್ತಿತ್ತಪ್ಪಾ' ಅಂದೆ. ಅವರು ಮತ್ತೇನೂ ಹೇಳಲಿಲ್ಲ.

ಇನ್ನು ಎಂಒಟಿ. ನಮ್ಮ ಕಡೆ ಎಫ್‌ಸಿ ಮಾಡಿಸುವ ಹಾಗೆ ಇಲ್ಲಿ ವರ್ಷಕ್ಕೊಮ್ಮೆ ಎಂಒಟಿ. ಆದರೆ 2018ರ ಮೇ 20ರಿಂದ, ನಲವತ್ತು ವರ್ಷ ದಾಟಿದ, ದೊಡ್ಡ ಬದಲಾವಣೆ ಮಾಡದ ಕಾರುಗಳಿಗೆ ಅದು ಕಡ್ಡಾಯವಲ್ಲ. ರಸ್ತೆ ತೆರಿಗೆಯೂ ಇಲ್ಲ. ಮಾರುವವನು ಇದನ್ನು ಹಬ್ಬದ ಆಫರ್ ಥರ ಹೇಳಿದ. ನಾನೂ ಹಾಗೇ ಕೇಳಿಸಿಕೊಂಡೆ. ಅದರ ಅರ್ಥ ಇಷ್ಟೇ: ಅಷ್ಟು ವರ್ಷದಿಂದ ಆ ಕಾರಿನ ಅಡಿಗೆ ಒಬ್ಬ ಮನುಷ್ಯನೂ ಟಾರ್ಚ್ ಬಿಟ್ಟು ನೋಡಿರಲಿಲ್ಲ. ಕಡ್ಡಾಯ ಅಲ್ಲದಿದ್ದರೂ ನಾವಾಗಿಯೇ ಮಾಡಿಸಬಹುದು. ಕಾರಿಗೆ ಎಂಒಟಿ ಶುಲ್ಕ ಜಾಸ್ತಿ ಅಂದರೆ 54.85 ಪೌಂಡ್. 'ನಾನೇ ದುಡ್ಡು ಕೊಡ್ತೀನಿ, ಎಂಒಟಿ ಮಾಡಿಸಿ ಆಮೇಲೆ ವ್ಯಾಪಾರ' ಅಂದಿದ್ದರೆ ಸಾಕಿತ್ತು.

ಅದಕ್ಕಿಂತ ಹೊಟ್ಟೆ ಉರಿಯುವ ವಿಷಯ ಇನ್ನೊಂದಿದೆ. ಹಳೇ ಎಂಒಟಿಗಳ ದಾಖಲೆ ಸರ್ಕಾರದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತೆ, ನಂಬರ್ ಪ್ಲೇಟ್ ಗೊತ್ತಿದ್ದರೆ ಆಯಿತು. ವಿನಾಯಿತಿ ಇರುವ ಕಾರಿಗೆ ದಾಖಲೆ ಏನಿರುತ್ತೆ ಅಂತ ನಾನು ತೆಗೆದೇ ನೋಡಲಿಲ್ಲ. ಕೊಂಡು ಎರಡು ತಿಂಗಳಾದ ಮೇಲೆ ನೋಡಿದೆ. 2017ರ ಏಪ್ರಿಲ್: ಫೇಲ್. ಎಡಗಡೆ ಸಿಲ್, ಸೀಟ್ ಬೆಲ್ಟ್ ಬೋಲ್ಟ್‌ನಿಂದ 30 ಸೆಂಟಿಮೀಟರ್ ಒಳಗೆ ವಿಪರೀತ ತುಕ್ಕು. ಎರಡು ವಾರದ ಮೇಲೆ ಪಾಸ್, ಜೊತೆಗೆ 'ಅಂಡರ್‌ಸೀಲ್ ಬಳಿದಿರುವುದರಿಂದ ಪೂರ್ತಿ ನೋಡಲಾಗಿಲ್ಲ' ಅನ್ನೋ ಟಿಪ್ಪಣಿ. ಆಮೇಲೆ ಏನೂ ಇಲ್ಲ.

ತುಕ್ಕು ಗೊತ್ತಾಗಿದ್ದು ಹೇಗೆ ಅಂದರೆ, ಏಪ್ರಿಲ್‌ನಲ್ಲಿ ಬಾಗಿಲು ಪೂರ್ತಿ ಹಟ ಹಿಡಿಯಿತು. ಸುಮ್ನೆ ಒಂದು ಅನುಮಾನ ಬಂದು ಫ್ರಿಜ್ ಮೇಲಿದ್ದ ಮೈಸೂರು ಅರಮನೆ ಮ್ಯಾಗ್ನೆಟ್ ತೆಗೆದುಕೊಂಡು ಹೋದೆ. ಬಾಗಿಲಿಗೆ ಟಕ್ ಅಂತ ಅಂಟಿಕೊಂಡಿತು. ಸಿಲ್‌ಗೆ ಇಟ್ಟೆ. ಅರಮನೆ ಮೆಲ್ಲಗೆ ಜಾರಿ ಕೆಳಗೆ ಬಿತ್ತು. ಎರಡು ಇಂಚು ಪಕ್ಕಕ್ಕೆ ಇಟ್ಟೆ, ಅಲ್ಲೂ ಬಿತ್ತು. ಪುಟ್ಟಿಗೆ ಮ್ಯಾಗ್ನೆಟ್ ಹಿಡಿಯೋದಿಲ್ಲ ಅಲ್ವಾ.

ಎಂಜಿ ಕ್ಲಬ್ಬಿನವರು ಹೇಳಿದ ಒಬ್ಬ ಹಳೇ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಸಿಲ್ ಕೆಳಗೆ ಜಾಕ್ ಇಟ್ಟು ನಿಧಾನವಾಗಿ ಎತ್ತುತ್ತಾ, 'ಬಾಗಿಲ ಸಂದು ನೋಡುತ್ತಿರು' ಅಂದರು. ನೋಡುತ್ತಿದ್ದ ಹಾಗೆ ಬಾಗಿಲ ಹಿಂಬದಿ ಮೇಲ್ತುದಿಯ ಸಂದಿನ ಅಗಲ ಬದಲಾಗುತ್ತಾ ಬಂತು. ಕಾರು ನಡುವಿನಲ್ಲಿ ಬಾಗುತ್ತಿತ್ತು. ಆಮೇಲೆ ಸ್ಕ್ರೂಡ್ರೈವರ್ ತೆಗೆದುಕೊಂಡು ಅಂಡರ್‌ಸೀಲ್ ಮೇಲೆ ಒತ್ತಿದರು. ಅದು ಹಿಡಿಯವರೆಗೂ ಹೋಯಿತು. ಹೊರಗೆ ಎಳೆದಾಗ ಜೊತೆಗೆ ಬಂದಿದ್ದು ಹಳದಿ ಫೋಮ್. ಗಟ್ಟಿಯಾಗಿ, ತೂತು ತೂತಾಗಿ, ಥೇಟ್ ಮೈಸೂರುಪಾಕಿನ ತುಂಡು. ಸಿಲ್ ಅನ್ನೋ ಪೆಟ್ಟಿಗೆಯ ಒಳಗೆ ಕಬ್ಬಿಣ ಇರಬೇಕಾದ ಕಡೆ ಅದನ್ನು ತುಂಬಿದ್ದರು.

ರಿಪೇರಿ ಅಂದರೆ ಎರಡೂ ಕಡೆ ಸಿಲ್, ಕ್ಯಾಸಲ್ ರೈಲ್, ನೆಲದ ತಗಡು, ಮತ್ತೆ ಪೇಂಟ್. 7,200 ಪೌಂಡ್, ಅದರ ಮೇಲೆ ವ್ಯಾಟ್. ಒಟ್ಟು 8,640.

ಅವರೇ ಆಲ್ಬಂ ತಿರುವಿ ಹಾಕಿ, ಮೂರನೇ ಪುಟದಲ್ಲಿ ನಿಂತರು. 'ನಿನ್ನ ಕಾರಿಗೆ ಎಷ್ಟು ವೈಪರ್?' ಅಂತ ಕೇಳಿದರು. ಮೂರು. ಫೋಟೋದಲ್ಲಿ ಗಾಜಿನ ಕೆಳಗಿನ ತಗಡಿನಲ್ಲಿ ವೈಪರ್ ಕೂರುವ ತೂತು ಎಷ್ಟು? ಎರಡು. ಅದು ನನ್ನ ಕಾರೇ ಅಲ್ಲ.

ಮೂರು ವೈಪರ್ ಇರೋದು ಅಮೆರಿಕಕ್ಕೆ ಮಾಡಿದ ರೋಡ್‌ಸ್ಟರ್‌ಗಳಿಗೆ. ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿ ಆದವು, ಬಹುಪಾಲು ಅಮೆರಿಕಕ್ಕೇ ಹೋದವು. ಚಾಸಿ ನಂಬರ್ ನೋಡಿದರೆ ಜಿಎಚ್‌ಎನ್5 ಆದಮೇಲೆ ಯು ಅಂತ ಅಕ್ಷರ. ಯು ಅಂದರೆ ಅಮೆರಿಕ. ಎಡಗಡೆ ಸ್ಟಿಯರಿಂಗ್ ಇದ್ದದ್ದನ್ನು ಇಲ್ಲಿಗೆ ತಂದು ಬಲಗಡೆಗೆ ಹಾಕಿದ್ದಾರೆ. ಅದೇನೂ ತಪ್ಪಲ್ಲ. ಕ್ಯಾಲಿಫೋರ್ನಿಯಾದಂಥ ಒಣ ಊರಿಂದ ಬಂದ ಕಾರಿನಲ್ಲಿ ತುಕ್ಕು ಕಡಿಮೆ, ಕೆಲವರು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಆದರೆ ಇದನ್ನೇ ಸುಳ್ಳು ಹೇಳಿದವನು ಇನ್ನೇನು ಬಿಟ್ಟಿರುತ್ತಾನೆ?

ವಿ5ಸಿ ಅಂದರೆ ಇಲ್ಲಿನ ಆರ್‌ಸಿ ಥರದ ಕಾಗದ. ಅದರಲ್ಲಿ ಅವನ ಹೆಸರೇ ಇರಲಿಲ್ಲ. 'ಭಾವನ ಹೆಸರಲ್ಲಿದೆ' ಅಂದಿದ್ದ. ಆ ಭಾವ ಕಾರು ಪಡೆದ ತಾರೀಖು ನಾನು ಕೊಳ್ಳುವುದಕ್ಕೆ ಎರಡು ತಿಂಗಳ ಹಿಂದಿನದು. ಆರು ವರ್ಷ ಎಲ್ಲಿ ಬಂತು? ಇದೆಲ್ಲಾ ಕೊಂಡ ದಿನವೇ ನನ್ನ ಕೈಯಲ್ಲಿತ್ತು. ಓದಿರಲಿಲ್ಲ. ಟೈರ್ ಕೂಡ ಅಷ್ಟೇ. ಗ್ರಿಪ್ ಹೊಸದರ ಥರ ಇತ್ತು, ಪಕ್ಕದ ನಾಲ್ಕು ಅಂಕಿ 2209. ಅಂದರೆ 2009ನೇ ವರ್ಷದ 22ನೇ ವಾರ ಮಾಡಿದ್ದು.

ಕಾನೂನು ಕೇಳಿದೆ. ಡೀಲರ್ ಹತ್ತಿರ ಕೊಂಡಿದ್ದರೆ 2015ರ ಗ್ರಾಹಕ ಕಾಯ್ದೆ ಪ್ರಕಾರ 30 ದಿನದೊಳಗೆ ದೋಷ ತೋರಿಸಿ ವಾಪಸ್ ಕೊಡಬಹುದು. ಖಾಸಗಿ ವ್ಯಾಪಾರದಲ್ಲಿ ಆ ಹಕ್ಕು ಇಲ್ಲ. ಹೇಳಿದ ವಿವರ ಸುಳ್ಳಾಗಿದ್ದರೆ ಮಾತ್ರ ಕೇಳಬಹುದು. ರಸೀದಿಯಲ್ಲಿ 'ನೋಡಿ ಒಪ್ಪಿ ಕೊಂಡಿದ್ದು' ಅಂತ ಬರೆಸಿ ಸಹಿ ಹಾಕಿಸಿಕೊಂಡಿದ್ದ, ಆದರೆ ಸುಳ್ಳು ವಿವರಕ್ಕೆ ಅದು ರಕ್ಷಣೆ ಆಗೋದಿಲ್ಲವಂತೆ. ಹತ್ತು ಸಾವಿರ ಪೌಂಡ್‌ವರೆಗಿನ ಕ್ಲೇಮ್ ಸಣ್ಣ ಕೋರ್ಟಿನಲ್ಲೇ ಮುಗಿಯುತ್ತೆ. ರಿಪೇರಿ ಖರ್ಚಿನಷ್ಟು ಕೇಳೋದಾದರೆ ಶುಲ್ಕ 455 ಪೌಂಡ್. ಹಾಕಿಬಿಡುತ್ತಿದ್ದೆ. ಆದರೆ 'ಎರಡೂ ಕಡೆ ಹೊಸ ಸಿಲ್' ಅಂತ ಅವನು ಬರೆದಿದ್ದಕ್ಕೆ ಸಾಕ್ಷಿ? ದುಡ್ಡು ಹೋದ ದಿನವೇ ಜಾಹೀರಾತು ಮಾಯ. ನಾನು ಉಳಿಸಿಕೊಂಡಿರಲಿಲ್ಲ. ಆಲ್ಬಂ ಅವನೇ ಕೊಟ್ಟಿದ್ದು ಅಂತ ತೋರಿಸಲೂ ಒಂದು ಚೀಟಿ ಇಲ್ಲ. ಎರಡು ಪತ್ರ ಬರೆದೆ, ಉತ್ತರ ಇಲ್ಲ. ಫೋನ್ ಸ್ವಿಚ್ ಆಫ್.

ನೀವು ಹೋಗುವಾಗ ಜೇಬಿನಲ್ಲಿ ಒಂದು ಮ್ಯಾಗ್ನೆಟ್ ಇರಲಿ. ಪೇಂಟ್ ಗೀರಬಾರದು, ತೆಳು ಬಟ್ಟೆ ಸುತ್ತಿಕೊಳ್ಳಿ. ಹಳೇ ಪ್ಯಾಂಟ್ ಹಾಕಿಕೊಂಡು ಹೋಗಿ, ಮಳೆ ಇದ್ದರೂ ಮಲಗಿ ನೋಡಿ. ರಿಸ್ಟೋರೇಶನ್ ಫೋಟೋ ತೋರಿಸಿದರೆ ಕಾರಿನ ಪಕ್ಕ ಹಿಡಿದು ತೂತು ತೂತನ್ನೂ ಹೋಲಿಸಿ. ಚಾಸಿ ನಂಬರ್ ಕಾಣುವ ಫೋಟೋ ಒಂದೂ ಇಲ್ಲ ಅಂದರೆ ಯಾಕಿಲ್ಲ ಅಂತ ಕೇಳಿ.

ಇಷ್ಟೆಲ್ಲಾ ಇವತ್ತೇ ಕೂತು ಬರೆಯಲು ಕಾರಣ ಇದೆ. ಮೊನ್ನೆ ಮಿಲ್ಟನ್ ಕೀನ್ಸ್‌ನಲ್ಲಿರುವ ಒಬ್ಬ ಗೆಳೆಯರು 'ಇದು ಹೇಗಿದೆ ನೋಡಿ' ಅಂತ ಒಂದು ಜಾಹೀರಾತು ಕಳಿಸಿದರು. ಕಡು ಹಸಿರು ಎಂಜಿಬಿ, ಎರಡು ವೈಪರ್, ಬೇರೆ ಫೋನ್ ನಂಬರ್. ಕೆಳಗೆ ಅದೇ ಜಲ್ಲಿ, ಹಿಂದೆ ಅದೇ ಬೇಲಿ ಗಿಡ. ನಾಲ್ಕನೇ ಫೋಟೋ ನನ್ನ ಆಲ್ಬಂನ ಮೂರನೇ ಪುಟ. ವಿವರದಲ್ಲಿ 'ಎರಡೂ ಕಡೆ ಹೊಸ ಸಿಲ್'.

ಗೆಳೆಯರಿಗೆ ಉತ್ತರ ಕೊಡುವ ಮೊದಲು ಸ್ಕ್ರೀನ್‌ಶಾಟ್ ತೆಗೆದೆ.