ಹಳೇ ಶಿಷ್ಯೆಯ ಪಿಂಗಾಣಿ ಅಂಗಡಿ: ದುಡ್ಡು ಕೊಟ್ಟು ತಂದು, ಬಳಸಿ ನೋಡಿ ಬರೆದದ್ದು

ಈ ಅಂಗಡಿ ನಡೆಸುವ ಹುಡುಗಿ ನನ್ನ ಹಳೇ ವಿದ್ಯಾರ್ಥಿನಿ. ಹೈಸ್ಕೂಲಿನಲ್ಲಿ ಅವಳಿಗೆ ವಿಜ್ಞಾನ ಹೇಳಿಕೊಟ್ಟವಳು ನಾನು. ಹಾಗಾಗಿ ಹೊಗಳಿಕೆ ಸ್ವಲ್ಪ ಜಾಸ್ತಿ ಅನ್ನಿಸಿದರೆ ಅಷ್ಟನ್ನು ಕಳೆದು ಓದಿಕೊಳ್ಳಿ. ಆದರೆ ಸಾಮಾನು ತಂದದ್ದು ದುಡ್ಡು ಕೊಟ್ಟೇ. "ಮಿಸ್, ನಿಮ್ಮ ಹತ್ರ ದುಡ್ಡು ತಗೊಳ್ಳೋದಾ?" ಅಂತ ಮುಖ ಸಪ್ಪೆ ಮಾಡಿಕೊಂಡಳು. ಪುಕ್ಕಟೆ ಕೊಟ್ಟರೆ ಬೈಯೋಕೆ ಬಾಯಿ ಬರಲ್ಲ ಕಣೇ ಅಂತ ಹೇಳಿ ಗೋಡೆ ಮೇಲಿದ್ದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಕಳಿಸಿದೆ.

ಅಂಗಡಿ ಇರುವುದು ಬಸವನಗುಡಿಯಲ್ಲಿ, ಗಾಂಧಿ ಬಜಾರ್ ಮುಖ್ಯರಸ್ತೆ ಬಿಟ್ಟು ಒಳಗೆ. ಹಳೇ ಮನೆಯ ಮುಂದಿನ ಎರಡು ರೂಮು ಅಂಗಡಿ, ಹಿಂದೆ ಕೆಲಸದ ಜಾಗ. ಕಾರು ನಿಲ್ಲಿಸೋಕೆ ಜಾಗ ಇಲ್ಲವೇ ಇಲ್ಲ. ನ್ಯಾಷನಲ್ ಕಾಲೇಜ್ ಮೆಟ್ರೋದಲ್ಲಿ ಇಳಿದು ನಡೆದು ಬನ್ನಿ, ಅದೇ ಸುಖ.

ನಾನು ತಂದದ್ದು ಒಂದು ಉಪ್ಪಿನಕಾಯಿ ಜಾಡಿ, ಎರಡು ದೋಸೆ ತಟ್ಟೆ, ಒಂದು ಜೊತೆ ಕಾಫಿ ಲೋಟ ಬಟ್ಟಲು.

ಜಾಡಿಗೆ ಎರಡನೇ ಮಾತಿಲ್ಲ. ಮುಚ್ಚಳ ಸರಿಯಾಗಿ ಕೂರುತ್ತದೆ, ಬಾಯಿ ಅಗಲ ಇದೆ, ಕೈ ಒಳಗೆ ಹೋಗುತ್ತದೆ, ತೊಳೆಯೋಕೆ ಕಷ್ಟವಿಲ್ಲ. ಮಾವಿನಕಾಯಿ ಹಾಕಿಟ್ಟೆ. ತಳದಲ್ಲಿ ಎಣ್ಣೆ ಜಿನುಗಿಲ್ಲ, ಕೆಳಗೆ ಹಾಸಿದ್ದ ಪೇಪರ್ ಒಣಗಿಯೇ ಇದೆ. ಇದು ಸ್ಟೋನ್‌ವೇರ್, ಅಂದರೆ 1200 ಡಿಗ್ರಿ ದಾಟಿ ಸುಟ್ಟದ್ದು. ಆ ಶಾಖಕ್ಕೆ ಮಣ್ಣಿನ ಕಣಗಳು ಅರೆಬರೆ ಕರಗಿ ಒಂದಕ್ಕೊಂದು ಅಂಟಿಕೊಂಡು ರಂಧ್ರ ಮುಚ್ಚಿಹೋಗುತ್ತವೆ. ನಮ್ಮ ದೀಪಾವಳಿ ಹಣತೆ ಅಷ್ಟು ಬೆಂದಿರಲ್ಲ, ಅದಕ್ಕೇ ಎಣ್ಣೆ ಕುಡಿಯುತ್ತದೆ. ಉಪ್ಪು, ಹುಳಿ ಎರಡೂ ಸೇರಿದರೆ ಸ್ಟೀಲ್ ಡಬ್ಬಿಯೂ ಕೊನೆಗೆ ಸೋಲುತ್ತದೆ, ಅಜ್ಜಿಯರು ಪಿಂಗಾಣಿ ಜಾಡಿ ಇಟ್ಟುಕೊಂಡಿದ್ದು ಸುಮ್ನೆ ಅಲ್ಲ.

ತಟ್ಟೆ ಚೆನ್ನಾಗಿದೆ, ಆದರೆ ಒಂದು ತಕರಾರು. ಮಧ್ಯದಲ್ಲಿ ಹೊಳಪಿಲ್ಲದ ಬಿಳಿ ಗ್ಲೇಜ್ (ಪಾತ್ರೆಯ ಮೇಲಿನ ಗಾಜಿನಂಥ ಲೇಪ), ಅಂಚಿಗೆ ನೀಲಿ. ನೋಡೋಕೆ ಬಹಳ ಚಂದ. ಸ್ಟೀಲ್ ಚಮಚ ತಾಗಿದ ಕಡೆಯೆಲ್ಲ ಬೂದು ಗೆರೆ ಬೀಳುತ್ತದೆ. ತಟ್ಟೆ ಗೀರಿದ್ದಲ್ಲ ಅದು, ಚಮಚವೇ ಸವೆದು ಅಂಟಿಕೊಂಡದ್ದು. ಪಾತ್ರೆ ಪುಡಿ ಹಾಕಿ ಉಜ್ಜಿದರೆ ಹೋಗುತ್ತದೆ, ಆದರೆ ದಿನಾ ಯಾರು ಉಜ್ಜುತ್ತಾರೆ ಹೇಳಿ? ದೋಸೆಯನ್ನು ಕೈಯಲ್ಲೇ ತಿನ್ನುವವರಿಗೆ ತೊಂದರೆ ಇಲ್ಲ. ನಿಂಬೆಹಣ್ಣು ಕೊಯ್ದು ಆ ನೀಲಿ ಅಂಚಿನ ಮೇಲೆ ರಾತ್ರಿಯಿಡೀ ಬೋರಲು ಹಾಕಿಟ್ಟೆ. ಗ್ಲೇಜ್ ಗಟ್ಟಿ ಇಲ್ಲದಿದ್ದರೆ ಹುಳಿ ತಾಗಿದ ಕಡೆ ಬಣ್ಣ ಮಾಸುತ್ತದೆ. ಮಾಸಲಿಲ್ಲ. ಅವಳಿಗೆ ಹೇಳಿದರೆ ನಕ್ಕಳು, ಅವಳು ಪ್ರತಿ ಹೊಸ ಬಣ್ಣಕ್ಕೂ ಅದನ್ನೇ ಮಾಡುತ್ತಾಳಂತೆ.

ಲೋಟ ಬಟ್ಟಲು ಮಾತ್ರ ನನಗೆ ಒಗ್ಗಲಿಲ್ಲ. ಸ್ಟೀಲ್ ಲೋಟದ ಅಂಚು ತೆಳ್ಳಗೆ ಹೊರಗೆ ಬಾಗಿರುತ್ತದಲ್ಲ, ಎತ್ತಿ ಹೊಯ್ದರೆ ಧಾರೆ ನೇರ ಬೀಳುತ್ತದೆ. ಇದರ ಅಂಚು ದಪ್ಪ, ಗುಂಡು. ಕಾಫಿ ಲೋಟದ ಮೈಗುಂಟ ಇಳಿದು ಸೀರೆಗೆ ಬಂತು. ಜೊತೆಗೆ ಭಾರ, ಮತ್ತೆ ತಣ್ಣಗಿರುವ ಲೋಟಕ್ಕೆ ಹೊಯ್ದರೆ ಕಾಫಿಯ ಅರ್ಧ ಬಿಸಿ ಅದೇ ನುಂಗುತ್ತದೆ. "ಗೊತ್ತು ಮಿಸ್, ಅಂಚು ತೆಳ್ಳಗೆ ಮಾಡಿದರೆ ತೊಳೆಯುವಾಗ ಚಕ್ಕೆ ಏಳುತ್ತೆ. ಇನ್ನೂ ನೋಡ್ತಾ ಇದ್ದೀನಿ" ಅಂದಳು. ನೋಡುತ್ತಿರುವುದು ನಿಜ. ಹಿಂದಿನ ಕೋಣೆಯಲ್ಲಿ ಒಂದೊಂದು ಥರದ ಅಂಚಿನ ಲೋಟಗಳು ಸಾಲಾಗಿ ನಿಂತಿದ್ದವು.

ಆ ಹಿಂದಿನ ಕೋಣೆಗೆ ಹೋಗದೆ ಬರಬೇಡಿ. ಕೇಳಿದರೆ ತೋರಿಸುತ್ತಾಳೆ. ಒಂದು ಗೋಡೆ ತುಂಬಾ ಬಣ್ಣ ಪರೀಕ್ಷೆಗೆ ಸುಟ್ಟ ಬೆರಳುದ್ದದ ಬಿಲ್ಲೆಗಳು, ಪ್ರತಿಯೊಂದರ ಹಿಂದೆ ತಾರೀಖು, ಯಾವ ಪುಡಿ ಎಷ್ಟು ಗ್ರಾಂ, ಕಿಲ್ನ್‌ನ (ಪಾತ್ರೆ ಸುಡುವ ಗೂಡಿನ) ಯಾವ ಮೂಲೆಯಲ್ಲಿ ಇಟ್ಟದ್ದು. ಗ್ಲೇಜಿಗೆ ಕಬ್ಬಿಣದ ಆಕ್ಸೈಡ್ ನೂರಕ್ಕೆ ಎರಡು ಹಾಕಿದರೆ ಜೇನಿನ ಬಣ್ಣ, ಹತ್ತರ ಹತ್ತಿರ ಹೋದರೆ ಕಪ್ಪಿಗೆ ತಿರುಗುವ ಕಂದು. ಕೋಬಾಲ್ಟ್ ಆದರೆ ನೂರಕ್ಕೆ ಒಂದೂ ಬೇಡ, ಗಾಢ ನೀಲಿ ಬಂದುಬಿಡುತ್ತದೆ. ಅವಳದು ಎಲೆಕ್ಟ್ರಿಕ್ ಕಿಲ್ನ್, ಒಳಗೆ ಗಾಳಿ ಧಾರಾಳ. ಗ್ಯಾಸ್ ಕಿಲ್ನ್‌ನಲ್ಲಿ ಗಾಳಿ ಕಡಿಮೆ ಮಾಡಿ ಸುಟ್ಟರೆ ಅದೇ ಎರಡು ಗ್ರಾಂ ಕಬ್ಬಿಣ ತಿಳಿ ಹಸಿರು ಕೊಡುತ್ತದೆ. ಉತ್ಕರ್ಷಣ (ಆಮ್ಲಜನಕ ಸೇರುವುದು), ಅಪಕರ್ಷಣ (ಆಮ್ಲಜನಕ ಕಳೆಯುವುದು) ಅಂತ ನಾನು ಬೋರ್ಡ್ ಮೇಲೆ ಎರಡು ಸಮೀಕರಣ ಬರೆದು ಒಂದು ಪೀರಿಯಡ್ಡಿನಲ್ಲಿ ಮುಗಿಸುತ್ತಿದ್ದ ಪಾಠ ಅದು.

ಆ ಗೋಡೆಯಲ್ಲಿ ಕೆಟ್ಟವೂ ಇವೆ. ಗುಳ್ಳೆ ಎದ್ದದ್ದು, ಗ್ಲೇಜ್ ಹಿಂದೆ ಸರಿದು ಮಣ್ಣು ಕಾಣುವುದು, ಸೋರಿ ಕೆಳಗಿನ ಹಲಗೆಗೆ ಅಂಟಿ ಮುರಿದದ್ದು. ಒಂದನ್ನೂ ಎಸೆದಿಲ್ಲ, ಅವಕ್ಕೂ ತಾರೀಖು, ಲೆಕ್ಕ ಎಲ್ಲ ಇದೆ. ನಮ್ಮ ಶಾಲೆಯಲ್ಲಿ ಪ್ರಯೋಗ ಮಾಡುತ್ತಿದ್ದವಳು ನಾನು, ಸುತ್ತ ನಿಂತು ನೋಡುತ್ತಿದ್ದವರು ಮಕ್ಕಳು. ಇದ್ದ ಸಾಮಾನು ಅಷ್ಟೇ. ರೆಕಾರ್ಡ್ ಪುಸ್ತಕ ತೆಗೆದರೆ ಎಲ್ಲರದೂ ಸರಿ ಉತ್ತರ! ತಪ್ಪು ರೀಡಿಂಗ್ ಬರೆದ ಮಗುವನ್ನು ಯಾವ ಶಾಲೆಯಲ್ಲಾದರೂ ಕಂಡಿದ್ದೀರಾ? ಇವಳ ಫೋಟೋ ಪೇಪರಿನಲ್ಲಿ ಬಂದಾಗ ಖುಷಿಪಟ್ಟಿದ್ದೆ, ಚಿತ್ರಸಂತೆ ದಿನ ಕುಮಾರಕೃಪಾ ರಸ್ತೆಯ ಜನಜಂಗುಳಿಯಲ್ಲಿ ಮಧ್ಯಾಹ್ನದ ಹೊತ್ತಿಗೇ ಇವಳ ಮಳಿಗೆ ಖಾಲಿಯಾದದ್ದನ್ನು ನೋಡಿ ಪಕ್ಕದವರಿಗೆಲ್ಲ "ನನ್ನ ಸ್ಟೂಡೆಂಟು" ಅಂತ ಹೇಳಿಕೊಂಡು ಓಡಾಡಿದ್ದೆ. ಎದೆ ಉಬ್ಬಿದ್ದು ಮಾತ್ರ ಈ ಕೆಟ್ಟ ಬಿಲ್ಲೆಗಳನ್ನು ನೋಡಿದಾಗ. ನಾನು ಕಲಿಸಿದ್ದು ಅಂತ ಹೇಳಿಕೊಳ್ಳೋಕೆ ಬರಲ್ಲ. ತಿಗರಿ ಹಿಡಿಯೋದು ಕಲಿತದ್ದು ಪಾಟರಿ ಟೌನ್‌ನ ಒಬ್ಬ ಹಿರಿಯ ಕುಂಬಾರರ ಹತ್ತಿರ, ಆಮೇಲೆ ಖಾನಾಪುರದಲ್ಲಿ ಒಂದು ಕೋರ್ಸ್. ಉಳಿದದ್ದು ಇವಳದೇ ಹಟ.

ಈಗ ರೇಟು. ಜಾಡಿ 1,200, ತಟ್ಟೆ ಒಂದಕ್ಕೆ 900, ಲೋಟ ಬಟ್ಟಲು 850 ರೂಪಾಯಿ. ಪಿಂಚಣಿ ಮೇಲೆ ಬದುಕುವವರಿಗೆ ಇದು ದುಬಾರಿಯೇ. ಜಾಡಿಗೆ ಕೊಟ್ಟದ್ದಕ್ಕೆ ಬೇಜಾರಿಲ್ಲ, ಲೋಟಕ್ಕೆ ಕೊಟ್ಟದ್ದಕ್ಕೆ ಸ್ವಲ್ಪ ಇದೆ.

ಆರ್ಡರ್ ಕೊಟ್ಟರೆ ಮೂರು ವಾರ ಅನ್ನುತ್ತಾಳೆ, ಮಳೆಗಾಲದಲ್ಲಿ ಇನ್ನೂ ಜಾಸ್ತಿ, ಯಾಕಂದರೆ ಹಸಿ ಪಾತ್ರೆ ಒಣಗೋದಿಲ್ಲ. ಅವಸರ ಮಾಡಬೇಡಿ. ನೀರಿನಂಶ ಉಳಿದಿದ್ದರೆ ಕಿಲ್ನ್ ಒಳಗೇ ಆವಿಯಾಗಿ ಪಾತ್ರೆ ಸಿಡಿಯುತ್ತದೆ. ಸುಟ್ಟ ಮೇಲೂ ಕಾಯಬೇಕು. 573 ಡಿಗ್ರಿ ಹತ್ತಿರ ಮಣ್ಣಿನೊಳಗಿನ ಕ್ವಾರ್ಟ್ಸ್ (ಬೆಣಚುಕಲ್ಲು) ತನ್ನ ರಚನೆ ಬದಲಿಸಿ ಕುಗ್ಗುತ್ತದೆ, ಆಗ ಬೇಗ ತಣಿಸಿದರೆ ಬಿರುಕು. ಇಷ್ಟೆಲ್ಲ ಆಗಿ ಬಂದ ಪಾತ್ರೆಯನ್ನು ಕೊರಿಯರ್‌ನಲ್ಲಿ ತರಿಸಿಕೊಂಡ ನನ್ನ ತಂಗಿಗೆ ಎರಡು ತುಂಡಾಗಿ ತಲುಪಿತು. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ! ಫೋಟೋ ಕಳಿಸಿದ ಕೂಡಲೇ ಬೇರೆ ಕಳಿಸಿದಳು, ದುಡ್ಡು ಕೇಳಲಿಲ್ಲ. ಆದರೂ ಪ್ಯಾಕಿಂಗ್‌ಗೆ ಇನ್ನೊಂದು ಸುತ್ತು ರಟ್ಟು ಹಾಕಮ್ಮ ಅಂತ ಹೇಳಿದ್ದೇನೆ.

ಸೋಮವಾರ ರಜೆ. ಜಾಡಿ ಬೇಕಾದವರು ಮಾವಿನಕಾಯಿ ಕಾಲಕ್ಕೆ ಮುಂಚೆಯೇ ಹೇಳಿಡಿ, ಆಮೇಲೆ ಸಿಗಲ್ಲ. ಲೋಟ ಬಟ್ಟಲು ತಗೊಳ್ಳೋ ಆಸೆ ಇದ್ದರೆ ಹೊಸ ಅಂಚಿನದು ಬರುವ ತನಕ ತಡೆಯಿರಿ.